ಸೋಮವಾರದ ಗೆರೆ

"ನಾ ಎಪ್ಪತ್ತೊಂದು ವರ್ಷದಾಕಿ ಹಂಗ ಕಾಣಸ್ತೀನೇನ್ರಿ?"

ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ನೋಂದಣಿ ಕಿಟಕಿಯ ಹಿಂದೆ ಕುಳಿತಿದ್ದ ಫಕೀರೇಶನನ್ನು. ಇಪ್ಪತ್ತು ವರ್ಷ ಒಂದಲ್ಲ ಒಂದು ಕಿಟಕಿಯ ಹಿಂದೆ ಕಳೆದವನಾದ್ದರಿಂದ ಅವನು ತಲೆಯೆತ್ತಲಿಲ್ಲ. ಹೆಂಗಸರ ವಯಸ್ಸಿನ ಬಗ್ಗೆ ಕಿಟಕಿಯಲ್ಲಿ ಅಭಿಪ್ರಾಯ ಹೇಳಬಾರದೆಂಬುದು ಅವನು ಕಲಿತ ಮೊದಲ ಪಾಠ.

"ಕಾಗದದಾಗ ಏನೈತಿ ಅದ ಖರೇರಿ," ಎಂದ.

"ಕಾಗದ ಬರದಾವ್ರು ನೀವ ಅಲ್ರಿ?"

ನಾನು ಒಳಕೋಣೆಯಿಂದ ಬಂದು ನೋಡಿದೆ. ಮೂವತ್ತರ ಆಚೀಚಿನ ಹೆಂಗಸು. ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ತಾಗಿಸಿಯೂ ತಾಗಿಸದಂತೆ ನಿಂತಿದ್ದಳು. ಬೆರಳುಗಳ ಮೇಲೆ ಒಣಗಿದ ಅಂಟು. ಕೈಯಲ್ಲಿದ್ದ ನಮ್ಮ ವರದಿಯಲ್ಲಿ 71 ಎಂಬುದರ ಸುತ್ತ ಯಾರೋ ಕೆಂಪು ಶಾಯಿಯ ಸುತ್ತು ಹಾಕಿ, ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆದಿದ್ದರು.

"ನಮ್ಮ ಪ್ರೆಸ್ಸಿನ ಪ್ರೂಫ್ ನೋಡೂ ಮಾಸ್ತರ್ರು ಹಿಡದ್ರಿ ಇದನ್ನ," ಎಂದು ಅವಳು ನನ್ನ ಕಡೆ ತಿರುಗಿದಳು. "ನಾ ಮೂರೂ ಸಲ ಕೆಳಗಿನ ಸಾಲಷ್ಟ ಓದಿದ್ದೆ. 'ಮೂಳೆ ಸವೆತ: ವಯಸ್ಸಿಗೆ ತಕ್ಕಂತೆ' ಅಂತಿತ್ತು. ಛಲೋ ಆತು ಅಂತ ಮಡಚಿ ಇಟ್ಟೆ. ಈಗ ತೊಡಿ ನೋಯಾಕತ್ತೈತಿ, ಅದಕ್ಕ ಅವ್ರಿಗೆ ತೋರ್ಸಿದೆ. ಎಪ್ಪತ್ತೊಂದಕ್ಕ ತಕ್ಕಂಗ ಸವದಿದ್ರ ಮೂವತ್ನಾಕಕ್ಕ ಅದು ಛಲೋ ಹೆಂಗ ಆಗತೈತಿ ಅಂದ್ರು."

ನಮ್ಮ ಮೂಳೆ ಪರೀಕ್ಷಾ ಕೇಂದ್ರದಲ್ಲಿ ಆಗ ಹನ್ನೊಂದು ಜನರಿದ್ದೆವು. ಅದರಲ್ಲಿ ನಾಲ್ವರಿಗೆ ಡಾಕ್ಟರೇಟ್ ಇತ್ತು. ಈ ತಪ್ಪು ಹಿಡಿಯಲು ಗದಗಿನ ಒಂದು ಕ್ಯಾಲೆಂಡರ್ ಪ್ರೆಸ್ಸಿನ ಪ್ರೂಫ್ ರೀಡರ್ ಬೇಕಾಯಿತು.

ಅವಳ ಹೆಸರು ದ್ರಾಕ್ಷಾಯಣಿ ಹಂಚಿನಾಳ. ಬೆಟಗೇರಿಯ ಮನೆ, ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಹೊಲಿಗೆ ಯಂತ್ರದ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವ ಕೆಲಸ. ಚಿಕ್ಕಂದಿನಲ್ಲಿ ಫ್ಲೋರೈಡ್ ನೀರು ಕುಡಿದು, ಸುಣ್ಣದಂಶ ಸಾಲದೆ ಮೂಳೆ ಮೆತ್ತಗಾಗಿ, ಒಂಬತ್ತನೆಯ ವರ್ಷದಲ್ಲಿ ಬಲತೊಡೆಯ ಮೂಳೆಯೊಳಗೆ ಪೊಳ್ಳು ಬಿದ್ದು ಶಸ್ತ್ರಕ್ರಿಯೆಯಾಗಿತ್ತು. ಅಂಥವರೆಲ್ಲ ಆರು ತಿಂಗಳಿಗೊಮ್ಮೆ ನಮ್ಮಲ್ಲಿ ಮೂತ್ರ ಕೊಡಬೇಕೆಂಬುದು ಜಿಲ್ಲೆಯ ನಿಯಮ.

ಈ ಕಥೆಯಲ್ಲಿ ಮೂತ್ರ ತುಸು ಹೆಚ್ಚೇ ಇದೆ. ಓದುಗರು ಮೂಗು ಮುಚ್ಚಿಕೊಳ್ಳಬಾರದು. ಮೂಳೆಯೆಂದರೆ ಒಮ್ಮೆ ಕಟ್ಟಿ ಮುಗಿಸಿದ ಮನೆಯಲ್ಲ. ಮುಂದೆ ಮುಂದೆ ಕೆಡವುತ್ತ ಹೋಗುವ ಜೀವಕೋಶಗಳ ತಂಡ ಒಂದು, ಹಿಂದೆ ಹಿಂದೆ ಕಟ್ಟುತ್ತ ಬರುವ ತಂಡ ಇನ್ನೊಂದು. ಹತ್ತು ವರ್ಷಕ್ಕೊಮ್ಮೆ ಅಸ್ಥಿಪಂಜರ ಹೆಚ್ಚುಕಡಿಮೆ ಹೊಸದಾಗಿರುತ್ತದೆ. ಕೆಡವಿದ ಅವಶೇಷದಲ್ಲಿ ಕೊಲಾಜನ್ ಎಂಬ ಹಗ್ಗದಂಥ ಪ್ರೋಟೀನಿನ ತುದಿಗಳಿರುತ್ತವೆ. ಗಂಟುಬಿದ್ದ ಆ ತುದಿಗಳು ದೇಹಕ್ಕೆ ಮತ್ತೆ ಉಪಯೋಗವಿಲ್ಲದ್ದರಿಂದ ರಕ್ತಕ್ಕೆ ಸೇರಿ ಮೂತ್ರದಲ್ಲಿ ಹೊರಬೀಳುತ್ತವೆ. ಅವನ್ನು ಎಣಿಸಿದರೆ ಈ ಹೊತ್ತು ಎಷ್ಟು ಮೂಳೆ ಕರಗುತ್ತಿದೆಯೆಂದು ತಿಳಿಯುತ್ತದೆ. ಬೆಳಗಿನ ಜಾವ ಎಣಿಕೆ ಏರುತ್ತದೆ; ಊಟವಾದೊಡನೆ ಇಳಿಯುತ್ತದೆ. ಹೊಟ್ಟೆ ತುಂಬಿದವರ ಮೂಳೆ ಸುಮ್ಮನಿರುತ್ತದೆ, ಹಸಿದವರದು ಕರಗುತ್ತದೆ. ಅದಕ್ಕೇ ಬರಿಹೊಟ್ಟೆಯಲ್ಲಿ, ಬೆಳಗಿನ ಎರಡನೆಯ ಮೂತ್ರವನ್ನೇ ತರಬೇಕೆಂದು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿದ್ದೆವು.

ಇದಿಷ್ಟು ಹಳೆಯ ವಿದ್ಯೆ. ಹೊಸದೆಂದರೆ ನಮ್ಮ ಯಂತ್ರ. ಕೊಲಾಜನ್ ತುದಿಯ ಒಂದು ಕೊಂಡಿ ವರ್ಷಗಳು ಕಳೆದಂತೆ ತಾನಾಗಿಯೇ ಸೊಟ್ಟಗಾಗುತ್ತದೆ. ಕೊಂಡಿಗಳು ಎಷ್ಟು ಸೊಟ್ಟಗಾಗಿವೆ ಎಂದು ಸಾವಿರಾರು ತುಣುಕುಗಳಲ್ಲಿ ಓದಿ, ಇವತ್ತು ಕರಗಿದ ಮೂಳೆ ಎಷ್ಟು ವರ್ಷದ ಹಿಂದೆ ಕಟ್ಟಿದ್ದು ಎಂದು ಯಂತ್ರ ಹೇಳುತ್ತಿತ್ತು. ಅದಕ್ಕೆ ಒಂದು ಸಮಿತಿ ಆರು ತಿಂಗಳು ಕೂತು 'ಅಸ್ಥಿಶೇಷ ವಯೋಮಾಪಕ' ಎಂದು ಹೆಸರಿಟ್ಟಿತು. ನಮ್ಮವರು ಮೊದಲ ದಿನವೇ ಅದನ್ನು ಪಂಚಾಂಗ ಎಂದು ಕರೆದರು. ಅದರೊಳಗೆ ತಿಥಿ, ವಾರ, ನಕ್ಷತ್ರ ಯಾವುದೂ ಇರಲಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ನಾನೇ ಬಿಚ್ಚಿಸಿ ನೋಡಿದೆ.

ಫಕೀರೇಶನನ್ನು ಒಳಗೆ ಕರೆದೆ.

"ಮಷೀನು ತಗೋವಲ್ದಾಗಿತ್ರಿ ಸರ್. 'ತುಣುಕಿನ ವಯಸ್ಸು ರೋಗಿಯ ವಯಸ್ಸಿಗಿಂತ ಹೆಚ್ಚು, ವಯಸ್ಸು ಪರಿಶೀಲಿಸಿ' ಅಂತ ಕೆಂಪು ಪಟ್ಟಿ ಬರತಿತ್ತು. ಅದು ಹೋಗೂಮಟ ವರದಿ ಅಚ್ಚಾಗೂದಿಲ್ಲ. ಹಿಂಗಾಗಿ ಪರಿಶೀಲಿಸಿದೆ."

"ಪರಿಶೀಲಿಸಿ?"

"ಅದು ಎಷ್ಟಂತೋ ಅಷ್ಟ ಹಾಕಿದೆ."

ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ. ನಮ್ಮ ಸೀಮೆಯಲ್ಲಿ ಒಂದು ತಲೆಮಾರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು. ಮಗುವಿನ ಕೈಯನ್ನು ತಲೆಯ ಮೇಲಿಂದ ಹಾಯಿಸಿ, ಆಚೆಯ ಕಿವಿ ಮುಟ್ಟಿದರೆ ಆರು ತುಂಬಿತೆಂದು ಹೆಡ್‌ಮಾಸ್ತರರು ಬರೆದುಕೊಂಡ ತಾರೀಕು ಅದು. ಯಂತ್ರ ಬಂದ ಹೊಸತರಲ್ಲಿ ಮುದುಕರ ವರದಿಗಳಿಗೆ ಮೇಲಿಂದ ಮೇಲೆ ಕೆಂಪು ಪಟ್ಟಿ ಬರುತ್ತಿತ್ತು. ವಿಚಾರಿಸಿದರೆ ಪ್ರತಿಸಲವೂ ಯಂತ್ರದ್ದೇ ಸರಿ, ಹೆಡ್‌ಮಾಸ್ತರರದೇ ತಪ್ಪು. ಎರಡು, ಮೂರು ವರ್ಷದ ವ್ಯತ್ಯಾಸ. ಹಾಗಾಗಿ ಯಂತ್ರ ಹೇಳಿದ ವಯಸ್ಸನ್ನೇ ಹಾಕಬೇಕೆಂದು ಆದೇಶ ಹೊರಡಿಸಿದವನು ನಾನು. ಎಷ್ಟು ವರ್ಷದವರೆಗೆ ಎಂದು ಬರೆಯಲು ಮರೆತಿದ್ದೆ. ಮೂವತ್ತೇಳು ವರ್ಷದ ವ್ಯತ್ಯಾಸಕ್ಕೂ ಅದೇ ಆದೇಶ ಅನ್ವಯಿಸಿತ್ತು.

ಸರಿಯಾದ ವಯಸ್ಸು ಹಾಕಿ ನೋಡಿದರೆ ಅವಳ ಸವೆತ ಇರಬೇಕಾದ್ದರ ಮೂರು ಪಟ್ಟು. ಎಲ್ಲರ ಕಣ್ಣಿಗೂ ಬೀಳಬೇಕಾಗಿದ್ದದ್ದು ಒಂದೂವರೆ ವರ್ಷ ಮುದುಕಿಯ ಲೆಕ್ಕದಲ್ಲಿ ಅಡಗಿ ಕೂತಿತ್ತು.

ಮೂಳೆ ತಜ್ಞ ಡಾಕ್ಟರ್ ಪಟ್ಟಣಶೆಟ್ಟಿ ಎಕ್ಸರೆಯನ್ನು ಬೆಳಕಿಗೆ ಹಿಡಿದರು.

"ಚಾದಾಗ ಅದ್ದಿದ ಬಿಸ್ಕೀಟ ನೋಡಿಯಲ್ಲವಾ ತಂಗಿ? ಹಳೇ ಆಪರೇಷನ್ ಜಾಗಾ ಹಂಗಾಗೈತಿ. ಹಿಂಗ ಕರಗಿದ್ರ ಮೂರ ತಿಂಗಳು."

"ಮುರದ್ರ?"

"ರಾಡ್ ಹಾಕಬೇಕಂದ್ರ ಸುತ್ತಲಿನ ಮೂಳಿ ಫ್ಲೋರೈಡಿನಿಂದ ಸೀಮೆಸುಣ್ಣ ಆಗೈತಿ, ಹಿಡ್ಯಾಂಗಿಲ್ಲ. ಮುರ್ಯಾಕ ಬಿಡಬಾರದು. ನಿಂತು ಮಾಡೂ ಕೆಲಸ ಆಮ್ಯಾಲ ಮರ್ತಬಿಡಬೇಕು."

"ಕುಂತು ಮಾಡೂ ಕೆಲಸ ನನಗ ಯಾವುದೂ ಬರೂದಿಲ್ರಿ," ಎಂದಳು ದ್ರಾಕ್ಷಾಯಣಿ. "ಹೊಲಿಗಿ ಮಷೀನಿಗೆ ಕುಂತ್ರ ಕೈ ಮುಟ್ಟೂದಿಲ್ಲ."

ಕತ್ತಿನ ಗ್ರಂಥಿ, ಮೂತ್ರಪಿಂಡ, ವಿಟಮಿನ್ನು ಎಲ್ಲ ನೋಡಿದೆವು, ಎಲ್ಲ ಸರಿಯಿತ್ತು. ಉಳಿದದ್ದು ಯಂತ್ರದ ಮಾತು. ಶೀಶೆ ಅದಲುಬದಲಾಗಿರಬೇಕೆಂದು ನಾನು ಖಚಿತವಾಗಿ ನಂಬಿದ್ದೆ. ನಮ್ಮ ತಂತ್ರಜ್ಞೆ ಮೆಹಜಬೀನ್ ತಾನೇ ಬಾಗಿಲ ಹೊರಗೆ ನಿಂತು, ಬಿಸಿಯಿರುವಾಗಲೇ ಶೀಶೆ ತಂದು ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಎರಡು ಗುಡ್ಡೆಗಳು ಎದ್ದವು. ಒಂದು ಹತ್ತು ವರ್ಷದ ಮೂಳೆ. ಮೂವತ್ತನಾಲ್ಕರವಳಿಗೆ ಅದು ಸಹಜ. ಅದರಾಚೆ ದೂರದಲ್ಲಿ, ನಡುವೆ ಬಟ್ಟಬಯಲು ಬಿಟ್ಟು, ಎಪ್ಪತ್ತೊಂದು ವರ್ಷದ ಇನ್ನೊಂದು ಗುಡ್ಡೆ. ಅದೇ ಎತ್ತರ.

"ಒಂದ ಶೀಶೆ, ಇಬ್ರು ಅದಾರ್ರಿ ಸರ್," ಎಂದಳು ಮೆಹಜಬೀನ್.

ಹಳೆಯ ಶಸ್ತ್ರಕ್ರಿಯೆಯ ಕಾಗದ ಹುಡುಕಲು ನಾನೇ ಬೆಟಗೇರಿಗೆ ಹೋದೆ. ಎದುರುಮನೆಯಲ್ಲಿ ಮಗ್ಗ ಬಡಿಯುತ್ತಿತ್ತು. ದ್ರಾಕ್ಷಾಯಣಿಯ ತಾಯಿ ನೀಲವ್ವ ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಮಗಳತ್ತ ಒಮ್ಮೆ ನೋಡಿ, ನನ್ನ ಕೈಗೆ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಳು.

"ಆಕಿಗೆ ಗೊತ್ತಿಲ್ರಿ ಸಾಹೇಬ್ರ."

"ಏನ್ ಗೊತ್ತಿಲ್ಲ?" ಎಂದಳು ಮಗಳು.

"ಪೊಳ್ಳಾಗಿತ್ತಲ್ಲವಾ, ಅದರಾಗ ತುಂಬಾಕ ಬ್ಯಾರೆಯವರ ಮೂಳಿ ಬೇಕಂದ್ರು. ದೊಡ್ಡ ದವಾಖಾನಿಯಾಗ ಮೂಳಿ ಬ್ಯಾಂಕ್ ಇರತೈತಂತ. ಸೊಂಟದ ಕೀಲು ಬದಲಿ ಮಾಡಿಸಿದವರದು ತಗದು ಥಂಡ್ಯಾಗ ಇಟ್ಟಿರತಾರಂತ. ನಾ ಹೂಂ ಅಂದೆ. ಒಂಬತ್ತು ವರ್ಷದ ಹುಡುಗಿಗೆ ಅದನ್ನ ಏನಂತ ಹೇಳ್ಲಿ? ಆಮ್ಯಾಲ ಹೇಳೂದು ಮರ್ತೆ."

"ಇಪ್ಪತ್ತೈದ್ ವರ್ಷ?"

"ಮರತಿದ್ದೆನವ್ವಾ."

ದ್ರಾಕ್ಷಾಯಣಿ ಕಾಲು ಚಾಚಿ ತನ್ನ ತೊಡೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಕಳು. "ಅಂದ್ರ ಎಪ್ಪತ್ತೊಂದು ಬರದಿದ್ದು ಸುಳ್ಳೇನಲ್ಲ. ಅಜ್ಜೀನ ಹೊತ್ಕೊಂಡ ಕೆಲಸಕ್ಕ ಹೋಗಾಕತ್ತಿದ್ದೆ ನೋಡ್ರಿ, ಬಸ್ಸಿಗೆ ಒಂದ ಟಿಕೇಟ್ ತಗಸಿ."

ಅಲ್ಲಿಂದ ಮುಂದೆ ಅವಳ ಬಾಯಲ್ಲಿ ಅದು ಅಜ್ಜಿಯೇ ಆಯಿತು. ಅಜ್ಜನೋ ಅಜ್ಜಿಯೋ ನಮಗಿನ್ನೂ ಗೊತ್ತಿರಲಿಲ್ಲ.

ನನಗಂತೂ ನೆಮ್ಮದಿಯಾಗಿತ್ತು. ತುಂಬಿದ ಮೂಳೆಯನ್ನು ದೇಹ ನಿಧಾನವಾಗಿ ಕೆಡವಿ ತನ್ನದನ್ನು ಕಟ್ಟಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ಇಲ್ಲಿ ಕೆಡವುವವರು ಅವಸರ ಮಾಡಿದ್ದಾರೆ, ಕಟ್ಟುವವರು ಹಿಂದೆ ಬಿದ್ದಿದ್ದಾರೆ, ಅಷ್ಟೆ. ಕೆಡವುವ ಜೀವಕೋಶಗಳ ಕೈ ಕಟ್ಟಿಹಾಕುವ ಸೂಜಿಮದ್ದು ಇದೆ. ಪಟ್ಟಣಶೆಟ್ಟಿಯವರು ಅದನ್ನು ಕೊಟ್ಟು, ಪರಿಣಾಮ ನೋಡಲು ಎಂಟು ದಿನ ವಾರ್ಡಿನಲ್ಲಿ ಇರಿಸಿಕೊಂಡರು. ಗಂಟೆಗೊಮ್ಮೆ ನೀರು ಕುಡಿಸಿ, ಗಂಟೆಗೊಮ್ಮೆ ಮೂತ್ರ ಪರೀಕ್ಷೆ. ಪರದೆಯ ಮೇಲೆ ಎರಡು ಗೆರೆ: ಹತ್ತು ವರ್ಷದ್ದಕ್ಕೆ ನೀಲಿ, ಎಪ್ಪತ್ತೊಂದರದ್ದಕ್ಕೆ ಕೆಂಪು.

ಮೂರನೆಯ ದಿನಕ್ಕೆ ನೀಲಿ ಗೆರೆ ನೆಲಕಚ್ಚಿತು. ಮದ್ದು ಕೆಲಸ ಮಾಡಿತ್ತು. ಕೆಂಪು ಗೆರೆ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಇದು ಆಗಬಾರದು. ಎರಡೂ ಮೂಳೆಗಳನ್ನು ಕೆಡವುವುದು ಅದೇ ಜೀವಕೋಶಗಳು, ದ್ರಾಕ್ಷಾಯಣಿಯವು. ಒಂದೇ ತಂಡ ಒಂದು ಗೋಡೆಯ ಮುಂದೆ ಕೈಕಟ್ಟಿ ನಿಂತು, ಪಕ್ಕದ ಗೋಡೆಯನ್ನು ಎಂದಿನಂತೆ ಒಡೆಯುವುದೆಂದರೆ ಅವರಿಗೆ ಬೇರೆ ಯಾರೋ ಅಪ್ಪಣೆ ಕೊಡುತ್ತಿರಬೇಕು. ನಾನು ಹಾಗೆ ಬರೆದು, ಅದು ವಿಜ್ಞಾನದ ವಾಕ್ಯವಲ್ಲವೆಂದು ಹೊಡೆದುಹಾಕಿದೆ.

ಐದನೆಯ ದಿನ ಇನ್ನೊಂದಾಯಿತು. ಬೆಳಿಗ್ಗೆ ಎಂಟಕ್ಕೆ ದ್ರಾಕ್ಷಾಯಣಿ ಒಂದು ತಟ್ಟೆ ಉಪ್ಪಿಟ್ಟು ತಿಂದಳು. ಹನ್ನೆರಡೂವರೆಗೆ ರೊಟ್ಟಿ, ಪುಂಡಿಪಲ್ಯ, ಮೇಲೆ ಅನ್ನ ಮಜ್ಜಿಗೆ ಉಂಡಳು. ಹಿಂದಿನ ನಾಲ್ಕು ದಿನ, ಮದ್ದಿಗೆ ಬಗ್ಗದಿದ್ದರೂ ಊಟಕ್ಕೆ ಮಾತ್ರ ಮರ್ಯಾದೆ ಕೊಟ್ಟು ಕೆಂಪು ಗೆರೆ ತಗ್ಗುತ್ತಿತ್ತು. ಅವತ್ತು ತಗ್ಗಲಿಲ್ಲ. ಮಾಳಿಗೆಯ ಮೇಲ್ಛಾವಣಿಯಂತೆ ದಿನವಿಡೀ ಸಪಾಟಾಗಿ ಮೇಲೆಯೇ ಓಡಿತು. ಸಂಜೆ ಏಳಕ್ಕೆ ನೀಲವ್ವ ತಂದ ಡಬ್ಬಿಯ ಊಟ ಮಾಡಿದ ಮೇಲೆ ಒಮ್ಮೆಲೇ ಇಳಿಯಿತು. ಮರುದಿನ ಮತ್ತೆ ಮೊದಲಿನಂತೆ.

ನಾನು ಕೊಳವೆ ತೊಳೆಸಿದೆ. ಯಂತ್ರ ಬಿಚ್ಚಿಸಿದೆ. ಮೆಹಜಬೀನ್ ಆ ಕಾಗದವನ್ನೇ ನೋಡುತ್ತ ಕೂತಿದ್ದಳು.

"ಸರ್, ಈ ಗೆರಿ ನಾ ನೋಡೀನಿ."

"ಎಲ್ಲಿ?"

"ನಂದ. ಹೋದ ರಂಜಾನದಾಗ ನೀವ ಸ್ಟಾಫಿಂದೆಲ್ಲಾ ಗೆರಿ ತಗಸಿದ್ರಲ್ರಿ, ಹೋಲಿಸಿ ನೋಡಾಕ."

ಕಪಾಟಿನಿಂದ ತನ್ನ ಕಾಗದ ತಂದು, ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ನಸುಕಿನಲ್ಲಿ ಅವಳು ಸೆಹರಿ ಉಂಡಿದ್ದರ ಒಂದು ತಗ್ಗು ಬಿಟ್ಟರೆ, ಎರಡು ಗೆರೆಗಳೂ ಸಂಜೆಯವರೆಗೆ ಕೂಡಿಯೇ ಓಡಿ ಕೂಡಿಯೇ ಇಳಿದಿದ್ದವು.

"ಇದು ಉಪಾಸ ಇದ್ದವರ ಗೆರಿ ರೀ."

"ಉಪವಾಸ ಎಲ್ಲಿಂದ ಬಂತು? ಎರಡು ಹೊತ್ತು ಉಂಡಾಳ. ನೀನೇ ತಟ್ಟೆ ನೋಡಿದಿ."

"ಆಕಿ ಉಂಡಾಳ್ರಿ," ಎಂದಳು ಮೆಹಜಬೀನ್, ಕಾಗದ ಕೆಳಗಿಳಿಸದೆ.

ಆಮೇಲೆ ಕಾಗದದ ಮೂಲೆಯ ತಾರೀಕು ನೋಡಿ ಕೇಳಿದಳು: "ಸರ್, ನಿನ್ನೆ ಯಾವ ವಾರ?"

ಸೋಮವಾರ.

ಮುಂದಿನ ಸೋಮವಾರದವರೆಗೆ ದ್ರಾಕ್ಷಾಯಣಿಯನ್ನು ವಾರ್ಡಿನಿಂದ ಬಿಡಲಿಲ್ಲ. ಈ ಸಲ ಮಧ್ಯಾಹ್ನ ಎರಡಕ್ಕೆ ರಕ್ತವನ್ನೂ ತೆಗೆದೆವು. ಮೂತ್ರ ಹೇಳಿದ್ದನ್ನೇ ರಕ್ತವೂ ಹೇಳಿತು. ಸೂರ್ಯ ಮುಳುಗುವವರೆಗೆ ಆ ಮೂಳೆಗೆ ಊಟ ಸಿಕ್ಕಿರಲಿಲ್ಲ. ಮೂಳೆಗೆ ವಾರ ಹೇಗೆ ಗೊತ್ತಾಗಬಹುದೆಂದು ನಾನು ಮೂರು ಪುಟ ಬರೆದೆ. ಹಗಲು ರಾತ್ರಿ ದೇಹಕ್ಕೆ ಗೊತ್ತು, ಋತು ಗೊತ್ತು, ತಿಂಗಳೂ ಗೊತ್ತು. ಏಳರ ಎಣಿಕೆ ಮನುಷ್ಯ ಮಾಡಿಕೊಂಡದ್ದು, ಅದು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಓದಿ ನೋಡಿದರೆ ಎಲ್ಲವೂ ಸರಿಯಾಗಿತ್ತು, ಎದುರಿಗಿದ್ದ ಗೆರೆಯ ಹೊರತು. ಹರಿದೆ.

ಸಂಜೆ ನೀಲವ್ವ ಡಬ್ಬಿ ತಂದಾಗ ಮೆಹಜಬೀನ್ ಸುಮ್ಮನೆ ಮಾತಿಗೆಂಬಂತೆ ಕೇಳಿದಳು. "ನಿಮ್ಮ ಮನ್ಯಾಗ ಸೋಮವಾರ ಯಾರರ ಒಪ್ಪತ್ತು ಇರತಾರೇನ್ರಿ, ಅಮ್ಮಾ?"

ಒಪ್ಪತ್ತೆಂದರೆ ಹಗಲೆಲ್ಲ ಬರಿಹೊಟ್ಟೆ. ಸಂಜೆ ದೀಪ ಹಚ್ಚಿ, ಪೂಜೆ ಮಾಡಿದ ಮೇಲೆ ಒಂದೇ ಊಟ.

"ಇಲ್ಲವಾ. ನಾವು ದುಡ್ಯಾ ಮಂದಿ, ಉಪಾಸ ಮಾಡಿದ್ರ ನೀಗತೈತೇನು?" ಎಂದ ನೀಲವ್ವ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ಇಕಿ ಒಬ್ಬಾಕಿ... ಆಪರೇಷನ್ ಆಗಿ ಮನೀಗೆ ಬಂದ ಹೊಸ್ತಾಗ ಸೋಮವಾರ ಬಂತಂದ್ರ ಬಾಯಿ ತಗೀತಿದ್ದಿಲ್ಲ. ಒಂಬತ್ತ ವರ್ಷದ ಕೂಸು! ಹಾಲು ಕೊಟ್ರೂ ಒಲ್ಲೆ, ಭಕ್ರಿ ಕೊಟ್ರೂ ಒಲ್ಲೆ. ದೀಪ ಹಚ್ಚಿದ ಮ್ಯಾಲ ತಾನ ಬಂದು ಉಣ್ಣಾಕ ಕುಂದ್ರಾಕಿ. ಹಟಾ ಅಂತ ನಾ ಬಡದೆ. ಮೂಗ ಹಿಡದು ಹಾಲು ಹಾಕಿದೆ. ನಾಲ್ಕೈದ್ ತಿಂಗಳಿಗೆ ಬಿಡ್ತು."

"ಬಿಟ್ಟಿದ್ದಿಲ್ಲವಾ," ಎಂದಳು ದ್ರಾಕ್ಷಾಯಣಿ ನಿಧಾನವಾಗಿ.

ಎಲ್ಲರೂ ಅವಳತ್ತ ನೋಡಿದೆವು.

"ಪ್ರೆಸ್ಸಿಗೆ ವಾರದ ಸೂಟಿ ಸೋಮವಾರ ಇತ್ತಲ್ಲ. ಹನ್ನೆರಡ್ ವರ್ಷ. ಅವತ್ತ ಅರಿಬಿ ಒಗ್ಯೂದು, ಗಿರಣಿಗೆ ಹೋಗೂದು, ಮನಿ ಸಾರಿಸೂದು. ಮಧ್ಯಾಹ್ನ ಉಣ್ಣಾಕ ಮನಸ ಆಗ್ತಿದ್ದಿಲ್ಲ. ಸಂಜೀಕ ಒಮ್ಮೆಲೇ ಉಣ್ಣೂದು. ಅದಕ್ಕೂ ಮೊದಲ ಹೆಂಗಿತ್ತೋ ನೆಪ್ಪಿಲ್ಲ, ಹಂಗ ಇದ್ದಿರಬೇಕು. ಸೂಟಿ ಆಯಿತವಾರಕ್ಕ ಮಾಡಿದ್ರಲ್ಲ, ಅವಾಗಿಂದ ಸೋಮವಾರ ಪ್ರೆಸ್ಸಿನಾಗ ಎಲ್ಲಾರೂ ಕೂಡಿ ಡಬ್ಬಿ ಬಿಚ್ಚತೀವಿ."

"ಯಾವಾಗ ಬದಲು ಮಾಡಿದ್ರು?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ಒಂದೂವರಿ ವರ್ಷ ಆತ್ರಿ."

ಮೂಳೆ ಬ್ಯಾಂಕಿಗೆ ಬರೆದ ಪತ್ರಕ್ಕೆ ಆ ವಾರವೇ ಉತ್ತರ ಬಂತು. ದಾನಿಯ ಹೆಸರು ಕೊಡುವಂತಿಲ್ಲ. ಸ್ತ್ರೀ, ವಯಸ್ಸು ಅರವತ್ತಮೂರು, ಎಡ ಸೊಂಟದ ಕೀಲು. ಇಪ್ಪತ್ತೈದು ವರ್ಷದ ಹಿಂದಿನ ಮಾತು, ಬದುಕಿದ್ದರೆ ಎಂಬತ್ತೆಂಟು. ನಮ್ಮ ಯಂತ್ರ ಓದುತ್ತಿದ್ದದ್ದು ಅವಳು ಹದಿನೇಳರ ಹುಡುಗಿಯಾಗಿದ್ದಾಗ ಕಟ್ಟಿಕೊಂಡ ಮೂಳೆ. ಜೊತೆಗೆ ದಾನಿಯ ವಾರ್ಡಿನ ಚಾರ್ಟಿನ ಒಂದು ಪ್ರತಿಯನ್ನು ಲಗತ್ತಿಸಿದ್ದರು: ಜ್ವರ, ರಕ್ತದೊತ್ತಡ, ಮಾತ್ರೆಗಳ ಕೋಷ್ಟಕ. ಕೆಳಗೆ ಯಾರೋ ನರ್ಸಿನ ಅಕ್ಷರ, ಎರಡು ಕಡೆ, ಏಳು ದಿನದ ಅಂತರದಲ್ಲಿ ಅದೇ ಮೂರು ಪದ: 'ಸೋಮವಾರ ಊಟ ವಾಪಸ್.'

ನಾನು ಅದನ್ನು ದ್ರಾಕ್ಷಾಯಣಿಗೆ ತೋರಿಸಬಾರದೆಂದಿದ್ದೆ. ಮೆಹಜಬೀನ್ ತೋರಿಸಿದಳು.

ದ್ರಾಕ್ಷಾಯಣಿ ಓದಿ, ಮಡಚಿ, ವಾಪಸು ಕೊಟ್ಟಳು. "ಇಷ್ಟ ಅಲ್ಲೇನ್ರಿ ಕೇಳೂದು? ವಾರಕ್ಕ ಒಂದ್ ಹೊತ್ತು. ಬಾಯಿಬಿಟ್ಟು ಹೇಳಿದ್ರ ಯಾವಾಗೋ ಬಿಟ್ಟುಕೊಡತಿದ್ದೆ."

"ಇದು ಚಿಕಿತ್ಸೆ ಅಂತ ನಾ ಹೇಳೂದಿಲ್ಲ," ಎಂದೆ. "ಹಸಿದ್ರ ಮೂಳೆ ಹೆಚ್ಚು ಕರಗತೈತಿ. ನಿನಗ ಉಪವಾಸ ಬರೆದು ಕೊಟ್ರ ನನ್ನ ಡಿಗ್ರಿ ಕಸಗೋತಾರ."

"ನೀವ ಬರ್ಯಾಕ ಹೋಗಬ್ಯಾಡ್ರಿ. ನಾ ಊಟ ಬಿಡಾಕ ನಿಮ್ಮ ಸಹಿ ಯಾಕ ಬೇಕು?"

ಹಾಗೆ ಅವಳು ಸೋಮವಾರ ಹಿಡಿದಳು. ಪ್ರೆಸ್ಸಿನಲ್ಲಿ ಉಳಿದವರು ಡಬ್ಬಿ ಬಿಚ್ಚುವ ಹೊತ್ತಿಗೆ ಇವಳು ಮುಂದಿನ ವರ್ಷದ ಕ್ಯಾಲೆಂಡರಿನ ಹಾಳೆ ಜೋಡಿಸುತ್ತ ಕೂರುತ್ತಿದ್ದಳಂತೆ. ಪ್ರೂಫ್ ಮಾಸ್ತರರು ಯಾವ ದೇವರಿಗೆ ಎಂದು ಕೇಳಿದರೆ "ಒಬ್ಬ ಅಜ್ಜಿಗೆ" ಎನ್ನುತ್ತಿದ್ದಳು. ಪ್ರತಿ ಮಂಗಳವಾರ ಬೆಳಿಗ್ಗೆ ನಮ್ಮಲ್ಲಿಗೆ ಶೀಶೆ.

ಮೂರನೆಯ ವಾರ ಕೆಂಪು ಗುಡ್ಡೆ ಅರ್ಧವಾಯಿತು. ಏಳನೆಯ ವಾರ ಒಂದು ಉಬ್ಬು. ಹನ್ನೊಂದಕ್ಕೆ ಏನೂ ಇಲ್ಲ. ಹತ್ತು ವರ್ಷದ್ದೊಂದೇ ಗುಡ್ಡೆ, ಮದ್ದಿನ ಪ್ರಭಾವ ಇಳಿದು, ಇರಬೇಕಾದ ಎತ್ತರದಲ್ಲಿ. ಕಟ್ಟುವವರ ಗುರುತು ಬೇರೆ, ಅದು ರಕ್ತದಲ್ಲಿ ಸಿಗುತ್ತದೆ, ಅದು ಏರಿತ್ತು. ಹೊಸ ಎಕ್ಸರೆಯಲ್ಲಿ ನೆನೆದ ಬಿಸ್ಕೀಟಿನ ಜಾಗ ಬೆಳ್ಳಗೆ ತುಂಬಿಕೊಂಡಿತ್ತು. ಪಟ್ಟಣಶೆಟ್ಟಿಯವರು ತಮ್ಮ ಸೂಜಿಮದ್ದಿನ ಬಗ್ಗೆ ಒಂದು ಸಮ್ಮೇಳನದಲ್ಲಿ ಮಾತಾಡಿ ಬಂದರು. ಫಕೀರೇಶ ಕೆಂಪು ಪಟ್ಟಿಯಿಲ್ಲದ ವರದಿಯನ್ನು ಅಚ್ಚು ಹಾಕಿ, ತಾನೇ ಹಡೆದವನಂತೆ ಎರಡೂ ಕೈಯಲ್ಲಿ ಹಿಡಿದು ತಂದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಾನೂ ಕಡತಕ್ಕೆ ದಾರ ಕಟ್ಟಿದ್ದೆ.

ಹದಿಮೂರನೆಯ ಸೋಮವಾರ, ಮಧ್ಯಾಹ್ನ ಮೂರರ ಹೊತ್ತಿಗೆ ದ್ರಾಕ್ಷಾಯಣಿ ತಾನಾಗಿಯೇ ಬಂದಳು. ಇಳಕಲ್ ಸೀರೆ, ಮುಡಿಯಲ್ಲಿ ಮಲ್ಲಿಗೆ. ಹತ್ತಿರದವರ ಮದುವೆಯಿಂದ ನೆಟ್ಟಗೆ ಬಂದಿದ್ದಳು. ಎರಡೂ ಕಾಲಿನ ಮೇಲೆ ಸಮನಾಗಿ ನಿಂತಿದ್ದಳು. ನೋವಿಲ್ಲ, ಏನಿಲ್ಲ, ಈ ದಾರಿಯಲ್ಲೇ ಹೋಗುತ್ತಿದ್ದೆ, ಶೀಶೆ ಕೊಟ್ಟು ಹೋಗೋಣವೆಂದು ಬಂದೆ ಎಂದಳು.

"ಊಟ?" ಎಂದು ಮೆಹಜಬೀನ್ ಕೇಳಿದಳು.

"ಆತಲ್ಲ. ಪಂಕ್ತಿಯಾಗ ಕುಂದ್ರಿಸೇಬಿಟ್ರು. ಹೋಳಿಗಿ ಎರಡ ಹಾಕಿದ್ರು."

ಕೆಂಪು ಗೆರೆ ಮರಳಿರಬಹುದೆಂಬ ಭಯ ನನಗೆ. ಅವಳ ಮುಖದಲ್ಲಿ ಅಂಥ ಭಯವೇನೂ ಇರಲಿಲ್ಲ. ಮೂತ್ರ, ರಕ್ತ ಎರಡೂ ತೆಗೆದುಕೊಂಡೆವು. ಸಕ್ಕರೆ ಏರಿತ್ತು, ಇನ್ಸುಲಿನ್ ಏರಿತ್ತು. ಎರಡು ಹೋಳಿಗೆ ಒಳಗೆ ಹೋಗಿದ್ದಕ್ಕೆ ರಕ್ತ ಸಾಕ್ಷಿ ನುಡಿಯಿತು. ಪರದೆಯ ಮೇಲೆ ಕೆಂಪು ಇರಲೇ ಇಲ್ಲ. ನೀಲಿ ಒಂದೇ. ಹತ್ತು ವರ್ಷದ ಮೂಳೆ, ದ್ರಾಕ್ಷಾಯಣಿಯದೇ ಸ್ವಂತದ್ದು.

ಅದು ಉಂಡಿರಲಿಲ್ಲ.

ಗಂಟೆಗೊಮ್ಮೆ ನೋಡಿದೆವು. ನಾಲ್ಕಕ್ಕೆ ಇಳಿಯಲಿಲ್ಲ, ಐದಕ್ಕೆ, ಆರಕ್ಕೆ ಇಳಿಯಲಿಲ್ಲ. ಮೆಹಜಬೀನ್ ತನ್ನ ಹಳೆಯ ಕಾಗದವನ್ನು ತರಲು ಎದ್ದವಳು ಅರ್ಧದಲ್ಲೇ ನಿಂತು ಮತ್ತೆ ಕೂತಳು. ಹೊರಗೆ ಬೆಂಚಿನ ಮೇಲೆ ದ್ರಾಕ್ಷಾಯಣಿ ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಯಾರಿಗೂ ಅವಸರವಿಲ್ಲವೆಂಬಂತೆ ಕೂತಿದ್ದಳು. ಬೀದಿದೀಪ ಹತ್ತಿದಾಗ ಎದ್ದು, ನಮ್ಮ ಕ್ಯಾಂಟೀನಿನಿಂದ ಒಂದು ಬಾಳೆಹಣ್ಣು ತರಿಸಿಕೊಂಡು, ಗೋಡೆಯ ಕಡೆ ತಿರುಗಿ ತಿಂದಳು. ಏಳೂಕಾಲಕ್ಕೆ ಗೆರೆ ಇಳಿಯಿತು.

ನಾನು ಹೊರಗೆ ಬಂದೆ. "ಎಲ್ಲ ಸರಿ ಐತಿ," ಎಂದೆ. ಅದು ಸುಳ್ಳಲ್ಲ, ಒಂದೊಂದು ಅಂಕಿಯೂ ಮಿತಿಯೊಳಗಿತ್ತು. ಆಮೇಲೆ ನಗುತ್ತ, "ಮಧ್ಯಾಹ್ನ ಹೋಳಿಗಿ ಹೊಡದಿದ್ದಕ್ಕ ಅಜ್ಜಿ ಏನಂದಳು?" ಎಂದು ಕೇಳಿದೆ.

ಅವಳು ನನ್ನನ್ನು ಅರ್ಥವಾಗದವಳಂತೆ ನೋಡಿದಳು.

"ಯಾವ ಅಜ್ಜಿ ರೀ?"

ಮುಂದಿನ ತಾರೀಕು ಬರೆಸಲು ಕಿಟಕಿಗೆ ಹೋದಳು. ಆ ಪ್ರಕರಣದ ನಂತರ ಫಕೀರೇಶ ಎಲ್ಲರನ್ನೂ ಬಾಯಿಬಿಟ್ಟು ಕೇಳುತ್ತಿದ್ದ, ಯಂತ್ರ ಏನಾದರೂ ಹೇಳಲಿ.

"ಹೆಸರು?"

ಹೇಳಿದಳು.

"ವಯಸ್ಸೆಷ್ಟ್ರಿ?"

ಸುಲಭದ ಪ್ರಶ್ನೆ. ಅವಳು ಕಿಟಕಿಯ ಕಟ್ಟೆಯ ಮೇಲೆ ಬೆರಳಿಟ್ಟುಕೊಂಡು, ಮನೆಯಲ್ಲಿ ಹಿರಿಯರು ಮಕ್ಕಳ ಹುಟ್ಟಿದ ವರ್ಷ ನೆನಪಿಸಿಕೊಳ್ಳುವಾಗ ಮಾಡುವಂತೆ, ತುಸು ಹೊತ್ತು ಮೇಲೆ ನೋಡಿದಳು. ಫಕೀರೇಶ ಪೆನ್ನು ಹಿಡಿದು ಕಾದ.

"ಮೂವತ್ನಾಕು," ಎಂದಳು ಕೊನೆಗೆ. "ಅಂತ ಬರಕೋಳಪ್ಪಾ ಮಗನ."

ಫಕೀರೇಶನಿಗೆ ಐವತ್ತೆರಡು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ತಲೆಯೆತ್ತಿ ನೋಡಿದ.